ಅಧಿಕ ಮಾಸದ ಅಪೀಲು

ಗುಡಗೇರಿ
ತಾ. ೧೮-೧೨-೧೯೭೭, ರವಿವಾರ

ಪ್ರೀತಿಯ ಮಥುರಾ,

ನಿನಗೂ ಅಂದಾನೆಪ್ಪನವರಿಗೂ ಈ ಅವ್ವನ ಆಶೀರ್ವಾದ. ಮೊದಲು ನಿನ್ನ ಕೆಮ್ಮಿನ ಸುದ್ದಿ ಬರಿ. ಹೋದ ಪತ್ರದಲ್ಲಿ ‘ಸ್ವಲ್ಪ ಇದೆ’ ಎಂದಿದ್ದೀ. ನಿನ್ನ ಸ್ವಲ್ಪ ಎಷ್ಟಿರುತ್ತದೆಂದು ನನಗೆ ಗೊತ್ತು, ಚಿಕ್ಕಂದಿನಲ್ಲಿ ಮೈ ಸುಡುವ ಜ್ವರ ಬಂದಾಗಲೂ ಸ್ವಲ್ಪ ಎಂದೇ ಹೇಳಿದವಳು ನೀನು. ಮುದ್ದೇಬಿಹಾಳದ ಧೂಳು ಒಂದು ಕಡೆ, ದಿನವಿಡೀ ಶಾಲೆಯಲ್ಲಿ ಬೋರ್ಡಿಗೆ ಬರೆಯುವ ಖಡುವಿನ ಪುಡಿ ಇನ್ನೊಂದು ಕಡೆ. ರಾತ್ರಿ ಮಲಗುವಾಗ ಶುಂಠಿ, ಮೆಣಸಿನಕಾಳು ಹಾಕಿ ಕಷಾಯ ಕುಡಿ. ನಿನಗೆ ಬೇಸರವಾದರೆ ನಿನ್ನ ಮನೆಯವರಿಗೆ ಕುದಿಸಲು ಹೇಳು. ನೂರು ಹುಡುಗರಿಗೆ ಗಣಿತ ಹೇಳುವವರಿಗೆ ಒಂದು ಕಷಾಯ ಬಾರದೇ ಇರಲಾರದು. ನಾನು ಆರಾಮ. ಮೊನ್ನೆಯಿಂದ ಧನುರ್ಮಾಸ ಹಿಡಿದಿದೆ, ನಸುಕಿನಲ್ಲಿ ಎದ್ದು ಹುಗ್ಗಿ ಮಾಡಿ ನೈವೇದ್ಯ ತೋರಿಸುವಷ್ಟರಲ್ಲಿ ಕೈ ಮರಗಟ್ಟುತ್ತದೆ, ಅಷ್ಟೇ. ನಿಮ್ಮಪ್ಪನೂ ಆರಾಮ. ಎಂದಿನಂತೆ ನಾನು ನಿನಗೆ ಪತ್ರ ಬರೆಯುವುದನ್ನು ಕಂಡೂ ಕಾಣದವರ ಹಾಗೆ ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದಾರೆ.

ಕೋರ್ಟಿನ ಕೆಲಸ ಏನಾಯಿತೆಂದು ನೀನು ಎರಡು ಸಲ ಕೇಳಿದ್ದೀ. ನಾನೇ ಪೂರ್ತಿ ಬರೆದಿರಲಿಲ್ಲ, ಬರೆಯುವಂಥದ್ದು ಏನೂ ಆಗಿರಲೂ ಇಲ್ಲ. ಈಗ ಆಗಿದೆ. ಮಥುರಾ, ನಾನು ಶುಕ್ರವಾರ ಧಾರವಾಡದ ಕೋರ್ಟಿಗೆ ಹೋಗಿ ಬಂದೆ. ಐವತ್ತೆಂಟು ವರ್ಷ ಬದುಕಿದ ಮೇಲೆ ಇನ್ನು ನೋಡಿ ಬೆರಗಾಗುವಂಥದ್ದು ಏನೂ ಉಳಿದಿಲ್ಲ ಎಂದುಕೊಂಡಿದ್ದೆ. ಎರಡು ದಿನವಾಯಿತು, ಒಲೆಯ ಮುಂದೆ ಕೂತರೂ ಅದೇ ಕಣ್ಣ ಮುಂದೆ ಬರುತ್ತದೆ. ಶುರುವಿನಿಂದ ಹೇಳುತ್ತೇನೆ, ನಡುವೆ ಅವಸರ ಮಾಡಬೇಡ.

ಮುಕ್ತಾ ಅತ್ತೆಯ ಹಿತ್ತಲ ಖೋಲಿ, ಆ ಒಂದೇ ಕೋಣೆ, ನಿನಗೆ ನೆನಪಿದ್ದೇ ಇದೆ, ಅವರ ಮಡಿಲಲ್ಲಿ ಕೂತು ಅಲ್ಲಿಯೇ ನೀನು ಅಕ್ಷರ ಕಲಿತದ್ದು. ನಿಮ್ಮಪ್ಪನ ಅಕ್ಕ, ಹದಿನೇಳನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಾಗ ನಿನ್ನ ಅಜ್ಜ ‘ಇದು ನಿಂದು, ಇಲ್ಲಿ ನಿನ್ನ ಯಾರೂ ಏಳಸೂದಿಲ್ಲ’ ಎಂದು ಆ ಖೋಲಿಯನ್ನೂ ಬಾವಿಕಟ್ಟೆಯನ್ನೂ ತುಳಸಿಯನ್ನೂ ಬಾಯಿಮಾತಿನಲ್ಲಿ ಕೊಟ್ಟಿದ್ದರು. ಕಾಗದ ಮಾಡಲಿಲ್ಲ. ಮಗಳಿಗೆ ಮಾತು ಕೊಟ್ಟ ಮೇಲೆ ಕಾಗದ ಯಾಕೆ ಎಂದಿರಬೇಕು. ಈಗ ನಮ್ಮ ವಾಡೆಯ ಬಲಮಗ್ಗಲಲ್ಲಿರುವ ನಿನ್ನ ಕೃಷ್ಣಾಜಿ ಕಾಕಾ, ನಿಮ್ಮಪ್ಪನಿಗೆ ಚಿಕ್ಕಪ್ಪನ ಮಗ, ತನ್ನ ಮಗನ ಮದುವೆಯಾಗಿ ಜಾಗ ಸಾಲದೆ, ಹಿರಿಯರು ಪಾಲು ಹಂಚಿಕೊಂಡ ಹಳೆಯ ವಾಟಣಿಯ ಕಾಗದ ಹುಡುಕಿ ತೆಗೆದ. ಅದರಲ್ಲಿ ಹಿತ್ತಲು ಅವನ ತಂದೆಯ ಪಾಲಿಗೆ ಬಂದಿದೆ ಎಂದಿತ್ತು. ಕೆಳಗಿನ ಕೋರ್ಟು ಕಾಗದ ಇದ್ದವರ ಮಾತು ನಂಬಿತು. ಅತ್ತೆ ಖೋಲಿ ಬಿಡಬೇಕು ಎಂದು ತೀರ್ಪಾಯಿತು. ನಮ್ಮ ಜೊತೆ ಮುಂದಿನ ಮನೆಯಲ್ಲಿ ಇರಿ ಎಂದು ನಾನು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಇಷ್ಟು ವರ್ಷ ತಮ್ಮ ಮಡಿಯ ಒಲೆಯಲ್ಲಿ ತಾವೇ ಬೇಯಿಸಿಕೊಂಡು ಉಂಡವರು, ಇನ್ನೊಬ್ಬರ ಅಡಿಗೆಮನೆಯ ಮೂಲೆಯಲ್ಲಿ ಕೂರುವವರಲ್ಲ. ‘ಖೋಲಿ ಹೋತಂದ್ರ ಪಂಢರಪುರಕ್ಕ ಹೋಗಿ ಯಾವದರ ಧರ್ಮಶಾಲಿಯೊಳಗ ಬೀಳ್ತೀನಿ, ನನ್ನ ಚಿಂತಿ ಬಿಡ್ರಿ’ ಎಂದರು. ಈ ವಯಸ್ಸಿನಲ್ಲಿ ಅವರು ಒಬ್ಬರೇ ಗಂಟು ಹಿಡಿದು ರೈಲು ಹತ್ತುವುದನ್ನು ನೆನೆಸಿಕೊಂಡು ನನಗೆ ಅನ್ನ ಸೇರುತ್ತಿರಲಿಲ್ಲ.

ಅಪೀಲು ಹಾಕಿದರೆ ಆಗುತ್ತಿತ್ತು. ಅಲ್ಲಿಯೇ ನೋಡು ಎಡವಟ್ಟಾದದ್ದು. ತೀರ್ಪು ಬಂದದ್ದು ಆಷಾಢದ ಕೊನೆಗೆ. ಮೂವತ್ತು ದಿನದೊಳಗೆ ಧಾರವಾಡದ ಮೇಲಿನ ಕೋರ್ಟಿಗೆ ಅಪೀಲು ಹೋಗಬೇಕು ಎಂದು ವಕೀಲರು ಬಿಡಿಸಿ ಹೇಳಿದ್ದರು. ನಿಮ್ಮಪ್ಪ ಹೂಂ ಎಂದು ಬಂದವರು ಕೈಕಾಲು ತೊಳೆದು ಪಂಚಾಂಗ ತೆಗೆದರು. ಈ ವರ್ಷ ಎರಡು ಶ್ರಾವಣ, ಮೊದಲನೆಯದು ಅಧಿಕ. ಆ ಹೆಚ್ಚಿನ ತಿಂಗಳಲ್ಲಿ ನಮ್ಮಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ, ಹೊಸ ಮನೆ ಹೊಗುವಂತಿಲ್ಲ, ಹುಟ್ಟಿದ ತಿಥಿಯನ್ನು ಕೂಡ ಅದರಲ್ಲಿ ಹಿಡಿಯದೆ ನಿಜ ಮಾಸಕ್ಕೆ ದಾಟಿಸುತ್ತೇವೆ. ಹಾಗಿದ್ದ ಮೇಲೆ ಕೋರ್ಟಿನ ದಿನ ಹೇಗೆ ಹಿಡಿಯಲು ಬರುತ್ತದೆ ಎಂಬುದು ಅವರ ವಾದ. ನನಗೆ ಒಳಗೊಳಗೇ ಅನುಮಾನ ಇತ್ತು, ಕೇಳಿಯೂ ಕೇಳಿದೆ. ‘ಬ್ಯಾಸಿಗಿ ರಜಾದಾಗ ಕೋರ್ಟ ಮುಚ್ಚಿರ್ತದ. ಆ ದಿನಾ ಯಾರರ ಹಿಡೀತಾರೇನು? ಇದೂ ಹಂಗ. ಇದು ದೇವರ ರಜಾ’ ಎಂದರು. ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿ ಹೆಡ್ ಮಾಸ್ತರಾಗಿ ನಿವೃತ್ತರಾದವರು, ಊರಿಗೆಲ್ಲ ಮುಹೂರ್ತ ಹೇಳುವವರು. ಅವರೆದುರು ಇನ್ನೊಂದು ಮಾತು ಆಡುವವರು ಯಾರು. ಮುಕ್ತಾ ಅತ್ತೆಯಂತೂ ಅಧಿಕ ಮುಗಿಯುವತನಕ ಯಾವ ಹೊಸ ಕಾಗದಕ್ಕೂ ಸಹಿ ಮಾಡುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು.

ಆ ತಿಂಗಳು ನಮ್ಮ ಓಣಿಯ ಮನೆಮನೆಗೂ ಅಳಿಯಂದಿರು ಬಂದರು. ಅಧಿಕದಲ್ಲಿ ಅಳಿಯನನ್ನು ನಾರಾಯಣ ಎಂದು ಕೂಡಿಸಿ ಅಕ್ಕಿ ಬೆಲ್ಲದ ಮೂವತ್ತಮೂರು ಅನಾರಸ ಕಂಚಿನ ತಾಟಿನಲ್ಲಿ ಇಟ್ಟು ಕೊಡುವುದು ನಿನಗೆ ಗೊತ್ತೇ ಇದೆ. ಎಲ್ಲ ಮನೆಯಿಂದಲೂ ತುಪ್ಪದಲ್ಲಿ ಕರಿಯುವ ವಾಸನೆ. ನಮ್ಮ ತಾಟು ಗೋಡೆಯ ಮಾಡದ ಮೇಲೆ ಬೋರಲು ಬಿದ್ದಿತ್ತು. ನಾನು ಅದನ್ನು ಇಳಿಸಿ ಹುಣಸೆಹಣ್ಣು ಹಚ್ಚಿ ಬೆಳಗಿ ಮತ್ತೆ ಅಲ್ಲಿಯೇ ಇಟ್ಟೆ. ನಿಮ್ಮಪ್ಪ ನೋಡಿ ಪಂಚಾಂಗದ ಹಾಳೆ ತಿರುವಿದರು. ಇದನ್ನು ನಿನ್ನ ಮನಸ್ಸು ನೋಯಿಸಲು ಬರೆಯುತ್ತಿಲ್ಲ, ಕೈ ಬರೆಸಿಕೊಂಡು ಹೋಯಿತು.

ನಾಗಪಂಚಮಿ ಮುಗಿಸಿ, ಒಳ್ಳೆಯ ವಾರ ನೋಡಿ, ಉಂಡಿ ಕಟ್ಟಿಕೊಂಡು ವಕೀಲರ ಹತ್ತಿರ ಹೋದರೆ ಅವರು ಹಣೆಗೆ ಕೈ ಹಚ್ಚಿಕೊಂಡರು. ಅವಧಿ ಮುಗಿದು ಹೋಗಿತ್ತು. ಸರಕಾರದ ಕ್ಯಾಲೆಂಡರಿನಲ್ಲಿ ಅಧಿಕವೂ ಇಲ್ಲ ನಿಜವೂ ಇಲ್ಲ, ಎಲ್ಲವೂ ದಿನವೇ. ನಿಮ್ಮಪ್ಪನ ಮುಖ ಆ ದಿನ ನೋಡಬೇಕಿತ್ತು. ಮನೆಗೆ ಬಂದವರು ಅಕ್ಕನ ಖೋಲಿಯ ಬಾಗಿಲತನಕ ಹೋಗಿ ಒಳಗೆ ಕಾಲಿಡಲಾರದೆ ಹಿಂದಕ್ಕೆ ಬಂದರು. ನಾನೇ ಹೋಗಿ ಹೇಳಬೇಕಾಯಿತು. ವಕೀಲರು ಒಂದೇ ದಾರಿ ಇದೆ ಎಂದಿದ್ದರು. ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಿ, ತಡವನ್ನು ಮನ್ನಾ ಮಾಡಿರಿ ಎಂದು ಬೇರೆ ಅರ್ಜಿ ಹಾಕಿಕೊಳ್ಳಬಹುದಂತೆ. ಅದನ್ನು ಒಪ್ಪಿದರೆ ಮಾತ್ರ ಅಪೀಲು ಕೇಳುತ್ತಾರೆ. ಒಪ್ಪದಿದ್ದರೆ ಖೋಲಿ ಯಾರದು ಎಂಬ ಮಾತೇ ಬರುವುದಿಲ್ಲ, ಬಾಗಿಲಲ್ಲಿಯೇ ಮುಗಿಯಿತು. ‘ಆದ್ರ ಪಂಚಾಂಗಾ ಕಾರಣ ಅಂತ ಯಾವ ಜಡ್ಜ ಒಪ್ಪಾನು ಅಂತ ನನಗೂ ಗೊತ್ತಿಲ್ರಿ ಮಾಸ್ತರ’ ಎಂದು ಅವರೇ ಅನುಮಾನಪಟ್ಟರು.

ಅದರ ವಿಚಾರಣೆ ಶುಕ್ರವಾರ ಇತ್ತು. ಬೆಳಗಿನ ರೈಲುಗಾಡಿಗೆ ನಾವು ಮೂವರು ಹೊರಟೆವು. ಅದೇ ಡಬ್ಬಿಯಲ್ಲಿ ಆ ತುದಿಗೆ ಕೃಷ್ಣಾಜಿ ಕಾಕಾ. ಒಂದೇ ಮನೆಯಿಂದ ಹೊರಟು ಒಂದೇ ಕೋರ್ಟಿಗೆ ಹೋಗುವವರು ಬೇರೆ ಬೇರೆ ಬಾಕಿನ ಮೇಲೆ ಕೂತಿದ್ದೆವು. ಕೋರ್ಟಿನ ಖೋಲಿ ಎಷ್ಟು ಎತ್ತರ ಅಂದರೆ ಮೇಲೆ ಗುಬ್ಬಿಗಳು ಗೂಡು ಕಟ್ಟಿದ್ದವು, ಕೆಳಗಿನವರಿಗೆ ಅದರ ಪರಿವೆಯೇ ಇಲ್ಲ. ಜಡ್ಜ್ ಸಾಹೇಬರು ಬಂದಾಗ ಎಲ್ಲರೂ ಎದ್ದರು, ನಾನೂ ಎದ್ದೆ. ಭಾರಿ ಆಳು ಇರಬಹುದು ಎಂದುಕೊಂಡಿದ್ದರೆ ಸಣ್ಣ ಮೈಯ ಮನುಷ್ಯ, ಕೊರಳಿಗೆ ಉಣ್ಣೆಯ ಮಫ್ಲರು, ನಮ್ಮ ಚಳಿ ಅವರಿಗೆ ಒಗ್ಗಿರಲಿಲ್ಲ. ಮೈಸೂರಿನ ಕಡೆಯವರಂತೆ, ಮೆತ್ತಗಿನ ಮಾತು.

ಮೊದಲು ಎದುರಿನ ವಕೀಲರು ಎದ್ದು ನಿಂತು ಬಹಳ ಹೊತ್ತು ಮಾತಾಡಿದರು. ತಡವಾದ ಒಂದೊಂದು ದಿನಕ್ಕೂ ಕಾರಣ ಕೊಡಬೇಕು, ಕಾನೂನು ಗೊತ್ತಿರಲಿಲ್ಲ ಎಂಬುದು ಕಾರಣವಲ್ಲ, ಅವಧಿ ಮೀರಿದೆ, ಇವರಿಗೆ ಇನ್ನು ಬಾಗಿಲಿಲ್ಲ ಎಂದರು. ‘ಅವಧಿ ಮೀರಿದೆ’ ಎಂಬಂಥ ಮಾತು ನಾನು ಮೊದಲೂ ಕೇಳಿದ್ದೆ. ಮಥುರಾ, ನನಗೆ ಆಗ ನಮ್ಮ ಮನೆಯ ಹೊಸ್ತಿಲು ನೆನಪಾಯಿತು. ಜಾತಿ ಬೇರೆಯೆಂದು ಮನೆಯಲ್ಲಿ ಒಪ್ಪದೆ ನಿಮ್ಮ ಮದುವೆ ರಜಿಸ್ಟರ ಆದ ವರ್ಷ ನಿಮ್ಮಪ್ಪ, ಅಷ್ಟು ಸಿಟ್ಟಿನಲ್ಲಿಯೂ, ಮನಸ್ಸು ಗಟ್ಟಿ ಮಾಡಿಕೊಂಡು ನಿನಗೆ ಬರೆದಿದ್ದರಲ್ಲ, ‘ಅಜ್ಜಿ ಹಾಸಿಗೆ ಹಿಡಿದಾಳೆ, ದಸರೆಯೊಳಗೆ ಇಬ್ಬರೂ ಬಂದು ಕಾಲಿಗೆ ಬೀಳಿರಿ’ ಅಂತ. ಅಜ್ಜಿ ದಿನಾ ಬಾಗಿಲ ಕಡೆ ನೋಡುತ್ತಿದ್ದಳು. ದಸರೆ ದಾಟಿತು. ನೀವಿಬ್ಬರೂ ಬಂದಾಗ ಅಜ್ಜಿ ಹೋಗಿ ಹದಿನೈದು ದಿನ ಆಗಿತ್ತು. ನಿಮ್ಮಪ್ಪ ಒಳಗಿನಿಂದಲೇ ‘ಹೊತ್ತು ಮೀರಿತು’ ಎಂದರು, ಹೊರಗೆ ಬರಲಿಲ್ಲ. ಆ ಸಂಜೆಯ ಗಾಡಿಗೆ ನೀವು ತಿರುಗಿ ಹೋದಿರಿ. ಯಾಕೆ ತಡವಾಯಿತೆಂದು ಆಮೇಲೆ ನಾನು ಬರೆದು ಕೇಳಿದಾಗ ‘ಆಗಿಹೋದದ್ದು ಬಿಡವ್ವಾ’ ಎಂದು ಬರೆದೆ. ಕೋರ್ಟಿನಲ್ಲಿ ಕೂತು ಪಕ್ಕಕ್ಕೆ ನೋಡಿದೆ. ನಿಮ್ಮಪ್ಪ ತಲೆ ಬಗ್ಗಿಸಿ ತಮ್ಮ ಚಪ್ಪಲಿ ನೋಡುತ್ತಿದ್ದರು.

ಆಮೇಲೆ ಮುಕ್ತಾ ಅತ್ತೆಯನ್ನು ಕಟಕಟೆಗೆ ಕರೆದರು. ಕೆಂಪು ಸೀರೆಯ ಸೆರಗು ಹಣೆಯತನಕ ಎಳೆದುಕೊಂಡು, ಕಟ್ಟಿಗೆಯನ್ನು ಕೂಡ ಮುಟ್ಟದಂತೆ ಮೈ ಹಿಡಿದು ನಿಂತರು. ಪ್ರಮಾಣ ಮಾಡಿ ಎಂದರೆ ‘ವಿಠ್ಠಲನ ಮ್ಯಾಲೆ ಹೇಳ್ತೀನಿ, ಅವಗ ನನ್ನ ಗುರ್ತು ಅದ’ ಎಂದರು. ಯಾರೋ ನಕ್ಕರು. ಜಡ್ಜ್ ಸಾಹೇಬರು ನಗಲಿಲ್ಲ. ಬರೆಯುವುದನ್ನು ನಿಲ್ಲಿಸಿ, ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, ‘ಯಾಕಮ್ಮ ತಡ ಆಯ್ತು? ನಿಧಾನವಾಗಿ ಹೇಳಿ’ ಎಂದು ಕೇಳಿ ಸುಮ್ಮನೆ ಕೂತರು. ಹೇಗೆ ಹೇಳಲಿ ನಿನಗೆ. ಅಷ್ಟು ದೊಡ್ಡ ಖೋಲಿ, ಅಷ್ಟು ಜನ ಕರಿ ಕೋಟಿನವರು, ಹೊರಗೆ ಕಾಯುವ ಎಷ್ಟೋ ಕೇಸುಗಳು, ಎಲ್ಲವೂ ಒಬ್ಬ ಮುದುಕಿ ಬಾಯಿ ತೆರೆಯುವುದನ್ನು ಕಾಯುತ್ತ ನಿಂತಂತಾಯಿತು. ಅತ್ತೆ ಹೇಳಿದರು: ‘ನಮ್ಮ ಪೈಕಿ ಅಧಿಕದಾಗ ಹೊಸಾದು ಏನೂ ಸುರು ಮಾಡೂದಿಲ್ರಿ. ಆ ತಿಂಗಳಾ ದೇವರು ತನಗಂತ ಇಟಗೊಂಡಾನ. ಅವನ ದಿನಾ ನೀವು ಎಣಸ್ತೀರಿ ಅಂತ ನನಗ ಗೊತ್ತಿದ್ದಿಲ್ಲ. ಗೊತ್ತಿದ್ರ ಅವನ್ನ ಕೇಳಿ ಬರ್ತಿದ್ದೆ.’

ಆಮೇಲೆ ನಿಮ್ಮಪ್ಪನ ಸರದಿ. ತಮ್ಮ ಶಿಷ್ಯರ ವಯಸ್ಸಿನ ವಕೀಲರ ಮುಂದೆ ನಿಂತು, ಅಕ್ಕನಿಗೆ ಹೀಗೆ ಹೇಳಿದವನು ನಾನೇ, ವಕೀಲರು ಸರಿಯಾಗಿಯೇ ಹೇಳಿದ್ದರು, ‘ತಪ್ಪು ನಂದು’ ಎಂದರು. ಆ ಮಾತನ್ನು ಅವರ ಬಾಯಿಂದ ನಾನು ಮದುವೆಯಾದಂದಿನಿಂದ ಕೇಳಿರಲಿಲ್ಲ. ಹುಗ್ಗಿಗೆ ತಾವೇ ಎರಡು ಸಲ ಉಪ್ಪು ಹಾಕಿದಾಗಲೂ ಕೇಳಿರಲಿಲ್ಲ.

ಕೊನೆಗೆ ಕೃಷ್ಣಾಜಿ ಕಾಕಾ ಬಂದ. ಅವನು ತಯಾರಾಗಿ ಬಂದಿದ್ದ. ಇವರು ಮಲಗಿಬಿಟ್ಟರು, ಅಧಿಕದ ನೆಪ ಈಗ ಹುಡುಕಿದ್ದು, ವ್ಯಾಜ್ಯ ಮುಗಿಯಿತೆಂದು ನಾನು ನಂಬಿ ಕೂತಿದ್ದೆ ಎಂದೆಲ್ಲ ಹೇಳಿದ. ಅವನು ಹೇಳಿದ್ದರಲ್ಲಿಯೂ ನ್ಯಾಯ ಇಲ್ಲವೆನ್ನಲಾರೆ, ಅವನ ಸೊಸೆ ಅಡಿಗೆಮನೆಯಲ್ಲಿ ಮಲಗುತ್ತಾಳೆ. ಅವನು ಇಳಿಯುವುದರಲ್ಲಿದ್ದ. ಜಡ್ಜ್ ಸಾಹೇಬರು ಕಾಗದ ತಿರುವುತ್ತ, ‘ಒಂದು ನಿಮಿಷ. ತೀರ್ಪು ನಿಮ್ಮ ಕಡೆ ಆಯ್ತು. ಖೋಲಿ ಕೊಡಿಸಿ ಅಂತ ನೀವು ಅರ್ಜಿ ಹಾಕಿದ್ದು ಆಗಸ್ಟ್ ಕೊನೆಗೆ. ಅಲ್ಲಿವರೆಗೆ ಯಾಕೆ ಸುಮ್ಮನಿದ್ದಿರಿ?’ ಎಂದರು. ಅವನ ವಕೀಲರು ಗಡಬಡಿಸಿ ಏಳುವ ಮೊದಲೇ ಕೃಷ್ಣಾಜಿ, ಇದೇನು ಕೇಳುವ ಮಾತೇ ಎಂಬಂತೆ, ‘ಅಧಿಕ ಮಾಸ ನಡದಿತ್ತಲ್ರಿ ಸಾಹೇಬ್ರ. ಅದರಾಗ ಹೊಸಾ ಖೋಲಿ ಹೊಕ್ಕೂದು ಹೆಂಗ?’ ಎಂದ.

ಮಥುರಾ, ಖೋಲಿಯಲ್ಲಿ ಗುಬ್ಬಿಯ ಸದ್ದು ಕೇಳಿಸಿತು. ಕೃಷ್ಣಾಜಿಗೆ ತಾನು ಏನು ಹೇಳಿದೆನೆಂದು ತಿಳಿಯಲು ಅರೆಗಳಿಗೆ ಹಿಡಿಯಿತು. ಅವನ ವಕೀಲರು ಅವನನ್ನು ನೋಡುತ್ತಿದ್ದರು, ಅವನು ಮುಕ್ತಾ ಅತ್ತೆಯನ್ನು ನೋಡಿದ. ಬೇಕಿದ್ದರೆ ಮಾತು ತಿರುಗಿಸಬಹುದಿತ್ತು, ಆರಾಮಿರಲಿಲ್ಲ, ಊರಲ್ಲಿರಲಿಲ್ಲ, ಹತ್ತು ನೆಪ ಇದ್ದವು. ಅವನು ತಿರುಗಿಸಲಿಲ್ಲ. ‘ಹೌದ್ರಿ. ನಾನೂ ಅದಕ್ಕ ನಿಂತಿದ್ದೆ’ ಎಂದು ಇನ್ನೊಮ್ಮೆ ಹೇಳಿ ಕೆಳಗಿಳಿದ. ಖೋಲಿ ಕಸಿಯಲು ಬಂದವನೇ ಖೋಲಿಯ ಬಾಗಿಲು ತೆರೆದು ಕೊಟ್ಟು ಹೋದ. ಇದಕ್ಕೆ ಏನನ್ನಬೇಕು ನನಗೆ ತಿಳಿಯದು, ಕಣ್ಣಲ್ಲಿ ನೀರು ಬಂತು ಅಷ್ಟೇ.

ಜಡ್ಜ್ ಸಾಹೇಬರು ಹೇಳಿದ್ದನ್ನು ವಕೀಲರು ನಮಗೆ ಹೊರಗೆ ಬಿಡಿಸಿ ಹೇಳಿದರು. ಅಧಿಕ ಮಾಸಕ್ಕೆಂದು ಕಾನೂನಿನ ಗಡಿಯಾರ ನಿಲ್ಲುವುದಿಲ್ಲ, ಇನ್ನು ಮೇಲೆ ಯಾರೂ ಈ ನೆಪ ಹಿಡಿದು ಬರಬಾರದು ಎಂದು ಮೊದಲೇ ಗಟ್ಟಿಯಾಗಿ ಹೇಳಿದರಂತೆ. ಆದರೆ ತಡವಾಗಿ ಬಂದವರು ಬೇಕೆಂತಲೇ ಕಾಲ ಕಳೆದರೋ, ಮೈಮರೆತು ಮಲಗಿದ್ದರೋ, ಅಥವಾ ಪ್ರಾಮಾಣಿಕವಾಗಿ ತಪ್ಪು ತಿಳಿದರೋ ಎಂದು ನೋಡಬೇಕು. ಇಲ್ಲಿ ಗೆದ್ದವರೂ ಸೋತವರೂ ಒಂದೇ ನಂಬಿಕೆಯಿಂದ ಕೈಕಟ್ಟಿ ಕೂತಿದ್ದರು; ಹಾಗಿದ್ದ ಮೇಲೆ ಈ ಕಾರಣ ಸುಳ್ಳಲ್ಲ. ತಡ ಮನ್ನಾ ಆಯಿತು, ಅಪೀಲು ಕೇಳುತ್ತಾರೆ. ಮುಕ್ತಾ ಅತ್ತೆ ‘ಹಂಗಾದ್ರ ನಾ ಗೆದ್ನೇನು?’ ಎಂದು ಕೇಳಿದರು. ಇಲ್ಲ ಅಕ್ಕಾ, ಒಳಗೆ ಬನ್ನಿ ಎಂದಿದ್ದಾರೆ, ಇನ್ನು ಮಾತಾಡಬೇಕು ಎಂದೆ. ‘ಬಾ ಅಂದ್ರಲಾ, ಸಾಕು’ ಎಂದರು. ಮುಂದೆ ಏನಾಗುತ್ತದೋ ಗೊತ್ತಿಲ್ಲ. ತೀರ್ಮಾನ ಆಗುವವರೆಗೆ ಅವರನ್ನು ಖೋಲಿಯಿಂದ ಯಾರೂ ಏಳಿಸುವಂತಿಲ್ಲ ಎಂದೂ ಆಗಿದೆ.

ನನಗೆ ಬೆರಗು ಅದಲ್ಲ. ಕಾನೂನು ಎಂದರೆ ನಮ್ಮ ಸ್ಟೇಶನ್ನಿನ ಗಾಡಿಯ ಹಾಗೆ, ಹೋದರೆ ಹೋಯಿತು ಎಂದು ತಿಳಿದವಳು ನಾನು. ಆದರೆ ಅದನ್ನು ಬರೆದವರು, ಯಾರೋ ಏನೋ, ಗಡುವು ಹಾಕುವಾಗಲೇ ತಡವಾಗಿ ಬರುವವರೂ ಇರುತ್ತಾರೆ, ಬಂದರೆ ಯಾಕೆ ಎಂದು ಕೇಳಿರಿ ಎಂದು ಅದರ ಬಗಲಿಗೇ ಬರೆದಿಟ್ಟಿದ್ದಾರಂತೆ. ಎಂಥವರು ಇರಬೇಕು ಅವರು. ನಮ್ಮಂಥವರ ಗುರುತಿಲ್ಲ, ಮುಖ ನೋಡಿಲ್ಲ. ಆದರೂ ಒಂದು ಪ್ರಶ್ನೆಗೆ ಜಾಗ ಬಿಟ್ಟಿದ್ದಾರೆ. ಆ ಪ್ರಶ್ನೆ ಕೇಳಲು ಬರೀ ಒಂದು ಗಳಿಗೆ ಸಾಕಾಯಿತು. ದೇವರ ಮನೆಯಲ್ಲಿ ಕೂತಾಗ ಕೂಡ ನನಗೆ ಅಷ್ಟು ಭಯಭಕ್ತಿ ಆದದ್ದು ಕಡಿಮೆ, ಹೀಗೆ ಬರೆಯಬಾರದೇನೋ.

ತಿರುಗಿ ಬರುವಾಗ ಒಂದೇ ಬಾಕಿನ ಮೇಲೆ ಕೂತೆವು. ಕೃಷ್ಣಾಜಿಯೇ ಅತ್ತೆಯ ಗಂಟು ಹಿಡಿದು ಹತ್ತಿಸಿದ. ಅತ್ತೆ ‘ಖರೇ ಹೇಳಿದಿ ನೋಡಪಾ ಕೃಷ್ಣಾ’ ಎಂದರೆ, ‘ಮತ್ತೇನ ಹೇಳ್ಲಿ ಮುಕ್ತಕ್ಕಾ, ಪಂಚಾಂಗ ಇಬ್ಬರದೂ ಒಂದ. ಖೋಲಿ ಮಾತ್ರ ನಾ ಬಿಡೂದಿಲ್ಲ’ ಎಂದ. ‘ನಾನೂ ಬಿಡೂದಿಲ್ಲ’ ಎಂದು ಅವರು ಅವಲಕ್ಕಿಯ ಡಬ್ಬಿ ಅವನ ಮುಂದೆ ಸರಿಸಿದರು. ನಿಮ್ಮಪ್ಪ ಮಾತ್ರ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಕುಂದಗೋಳ ದಾಟಿತು, ಸಂಶಿ ದಾಟಿತು, ಎರಡು ಸಲ ನನ್ನ ಕಡೆ ತಿರುಗಿ ಏನೋ ಕೇಳುವವರ ಹಾಗೆ ಬಾಯಿ ತೆರೆದು ಮತ್ತೆ ಮುಚ್ಚಿದರು. ಚಳಿ ಆಗಿದೆಯೇನು ಎಂದೆ. ಇಲ್ಲ ಎಂದರು.

ಇಷ್ಟೇ ಸುದ್ದಿ. ಮುಕ್ತಾ ಅತ್ತೆ ನಿನಗೆ ಆಶೀರ್ವಾದ ಹೇಳಿದ್ದಾರೆ, ತುಳಸಿ ಚೆನ್ನಾಗಿ ಚಿಗಿತಿದೆ ಎಂದು ಬರೆಯಲು ಹೇಳಿದರು. ಇಬ್ಬರೂ ಹೊತ್ತಿಗೆ ಸರಿಯಾಗಿ ಉಣ್ಣಿರಿ. ಕೆಮ್ಮು ಎಷ್ಟಿದೆಯೋ ಅಷ್ಟು ಬರಿ. ನಿಮ್ಮ ಮನೆ ತುಂಬಿರಲಿ.

ನಿನ್ನ ಅವ್ವ,
ದ್ವಾರಕಾಬಾಯಿ

ತಾ.ಕ.: ಲಕೋಟೆಗೆ ಹಾಕುವುದರೊಳಗೆ ನಿಮ್ಮಪ್ಪ ಬಂದು ಎದುರಿಗೆ ನಿಂತರು. ‘ಎಲ್ಲಾ ಬರದೇನು?’ ಎಂದರು. ಹೂಂ ಎಂದೆ. ‘ಇನ್ನೊಂದು ಬರಿ. ಅವತ್ತ ಯಾಕ ತಡಾ ಆತು ಅಂತ ಆಕಿನ್ನ ನಾ ಕೇಳ್ಲೇ ಇಲ್ಲ. ಈಗ ಕೇಳ್ಲಿಕ್ಕತ್ತೀನಿ ಅಂತ ಬರಿ. ಬಂದು ಹೇಳಂತ ಬರಿ’ ಎಂದು ಒಳಗೆ ಹೋದರು. ಡಬ್ಬಿಯ ಮುಚ್ಚಳದ ಸದ್ದಾಯಿತು. ಅಕ್ಕಿ ತಾವೇ ಅಳೆದು ತಂದು ನನ್ನ ಮುಂದೆ ಇಟ್ಟರು, ಮಾಡದ ಮೇಲಿನ ಕಂಚಿನ ತಾಟನ್ನೂ ಇಳಿಸಿ ತಂದರು. ‘ಅನಾರಸಕ್ಕ ನೆನಿ ಹಾಕು’ ಎಂದರು. ಯಾರಿಗೆ ಎಂದೆ. ‘ಅಳಿಯಗ’ ಎಂದರು. ಎರಡು ವರ್ಷದಲ್ಲಿ ಆ ಶಬ್ದ ಇದೇ ಮೊದಲು. ಅಧಿಕ ಮುಗಿದು ನಾಲ್ಕು ತಿಂಗಳಾಯಿತು, ಈಗ ಧನುರ್ಮಾಸ, ಇದು ಯಾವ ಶಾಸ್ತ್ರದಲ್ಲಿದೆ ಎಂದು ನಾನೇ ಅವರಿಗೆ ಕೇಳಿದೆ. ‘ತಡಾ ಆಗೇದ, ಖರೆ. ಮಾಫಿ ಕೇಳೂಣು’ ಎಂದರು. ಅಕ್ಕಿ ನೆನೆ ಹಾಕಿದ್ದೇನೆ. ಇಬ್ಬರೂ ಬನ್ನಿರಿ.